ಜೊಜೊಬಾ ಎಣ್ಣೆ: ವಿಜಯಪುರದ ಒಣಹವೆಯಲ್ಲಿ ವರ್ಷ ದಾಟಿದ ಬಳಕೆಯ ನಂತರ

ಹೋದ ವರ್ಷದ ದೀಪಾವಳಿಯ ಆಸುಪಾಸಿನಿಂದ ನಾನು ಜೊಜೊಬಾ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳುತ್ತಿದ್ದೇನೆ. ಒಂದು ಪೂರ್ಣ ಚಳಿಗಾಲ, ಅದರ ಬೆನ್ನಿಗೇ ಬಂದ ಬಿರುಬೇಸಿಗೆ, ಮಳೆಗಾಲ, ಈಗ ಇನ್ನೊಂದು ಚಳಿಗಾಲ. ಇಷ್ಟು ಕಾಲ ಬಳಸಿದ ಮೇಲೆ ಧೈರ್ಯವಾಗಿ ಹೇಳಬಲ್ಲೆ: ಮೊಣಕಾಲ ಕೆಳಗಿನ ಭಾಗಕ್ಕೆ ಮತ್ತು ತೋಳುಗಳಿಗೆ ನಾನು ಬಳಸಿದ ಎಣ್ಣೆಗಳಲ್ಲೆಲ್ಲ ಇದೇ ಹಿತವಾದದ್ದು. ಹಿಮ್ಮಡಿಗೆ ಇದು ಸಾಲದು. ಒಣಗಿದ ಮೈಗೆ ಹಚ್ಚಿದರೆ ದುಡ್ಡು ದಂಡ. ಇದರಲ್ಲಿ ಮಾಯೆಯೇನೂ ಇಲ್ಲ, ಆದರೆ ಸರಿಯಾದ ಹೊತ್ತಿಗೆ ಹಚ್ಚಿದರೆ ಕೆಲಸ ಮಾಡುತ್ತದೆ. ಆ ಹೊತ್ತಿನ ಬಗ್ಗೆ ನಾನು ಕೊಂಡ ಯಾವ ಬಾಟಲಿಯ ಮೇಲೂ ಒಂದಕ್ಷರ ಬರೆದಿರಲಿಲ್ಲ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಚರ್ಮ ಮೊದಲಿನಿಂದಲೂ ಒಣ. ದಸರಾ ಮುಗಿದು ಚಳಿಗಾಳಿ ಬೀಸತೊಡಗಿದರೆ ಸಾಕು, ಮೊಣಕಾಲ ಕೆಳಗಿನ ಚರ್ಮ ಬತ್ತಿದ ಕೆರೆಯಂಗಳದಂತೆ ಸಣ್ಣ ಸಣ್ಣ ಚೂರುಗಳಾಗಿ ಬಿರಿಯುತ್ತದೆ. ಉಗುರು ಆಡಿಸಿದಲ್ಲೆಲ್ಲ ಬಿಳಿ ಗೆರೆ. ಸಂಜೆ ಮನೆಗೆ ಬಂದು ಕಪ್ಪು ಲೆಗಿಂಗ್ಸ್ ಕಳಚಿ ಒಳಮೈ ಹೊರಗೆ ಮಾಡಿದರೆ ಹೊಲಿಗೆಯುದ್ದಕ್ಕೂ ಬಿಳಿ ಹುಡಿ ಕೂತಿರುತ್ತಿತ್ತು. ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದ ಕೂಡಲೇ ತುರಿಕೆ ಶುರು. ವಿಜಯಪುರದ ಹವೆಯಲ್ಲಿ ತೇವ ಕಡಿಮೆ ಎನ್ನುವುದು ಒಂದು ಕಾರಣವಾದರೆ, ನಮ್ಮ ಮನೆಯ ಬೋರ್‌ವೆಲ್ ನೀರು ಇನ್ನೊಂದು. ಬಕೆಟ್ಟಿನ ಒಳಬದಿಗೆ ಬಿಳಿ ಪದರ ಕಟ್ಟುವಷ್ಟು ಗಡಸು ನೀರು ಅದು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಗಸಿಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಸಾಲದ್ದಕ್ಕೆ ಮಾಮೂಲಿ ಸಾಬೂನು ಕ್ಷಾರೀಯ, ಚರ್ಮದ ಮೇಲ್ಮೈ ತುಸು ಆಮ್ಲೀಯ. ತಿಕ್ಕಿ ತಿಕ್ಕಿ ತೊಳೆದಷ್ಟೂ ಚರ್ಮದ ಸ್ವಂತ ಜಿಡ್ಡು ಹೋಗುತ್ತದೆ, ಗಸಿ ಉಳಿಯುತ್ತದೆ.

ಮೊಬೈಲ್ ತೆರೆದರೆ ಸಾಕು, ಈ ಎಣ್ಣೆಯ ವಿಡಿಯೊಗಳು ಸಾಲುಗಟ್ಟಿ ಬರುತ್ತಿದ್ದ ದಿನಗಳವು. ನಾನು ಕೊಳ್ಳುವ ಮೊದಲು ಇದೇನೆಂದು ಓದಿಕೊಂಡೆ, ಆ ಓದು ಆಮೇಲೆ ತುಂಬ ಉಪಯೋಗಕ್ಕೆ ಬಂತು. ಜೊಜೊಬಾ ಒಂದು ಮರುಭೂಮಿಯ ಪೊದೆ. ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾದಿಂದ ಮೆಕ್ಸಿಕೊವರೆಗೆ ಹಬ್ಬಿರುವ ಸೊನೋರಾ ಮರುಭೂಮಿ ಅದರ ತವರು. ಹೆಣ್ಣು ಗಿಡ, ಗಂಡು ಗಿಡ ಬೇರೆ ಬೇರೆ, ಬೀಜ ಬಿಡುವುದು ಹೆಣ್ಣು ಮಾತ್ರ. ಆ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಅಲ್ಲಿನ ಮೂಲನಿವಾಸಿಗಳು ಬೀಜ ಜಜ್ಜಿ ಮೈಗೂ ತಲೆಗೂ ಗಾಯಕ್ಕೂ ಹಚ್ಚುತ್ತಿದ್ದರು. ಹೊರಜಗತ್ತಿಗೆ ಇದರ ಮೇಲೆ ಕಣ್ಣು ಬಿದ್ದದ್ದು ತಿಮಿಂಗಿಲದ ದೆಸೆಯಿಂದ. ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಯಂತ್ರಗಳಿಗೂ ಸೌಂದರ್ಯವರ್ಧಕಗಳಿಗೂ ಬಳಸುತ್ತಿದ್ದ ಕಾಲದಲ್ಲಿ, 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿ ಅದರ ಎಣ್ಣೆಯ ಆಮದಿಗೆ ತಡೆ ಹಾಕಿತು. ಬದಲಿ ಹುಡುಕಿದವರಿಗೆ ಹತ್ತಿರದ ಗುಣಗಳಿರುವ ಎಣ್ಣೆ ಈ ಪೊದೆಯಲ್ಲಿ ಸಿಕ್ಕಿತು. ಒಂದು ಪ್ರಾಣಿಯ ಜೀವ ಉಳಿಸುವ ದಾರಿಯಲ್ಲಿ ಬೆಳಕಿಗೆ ಬಂದ ಎಣ್ಣೆ ಎಂಬ ಕಾರಣಕ್ಕೂ ನನಗೆ ಇದರ ಮೇಲೆ ಪ್ರೀತಿ. ನಮ್ಮ ದೇಶದಲ್ಲಿ ರಾಜಸ್ಥಾನದ ಒಣಭೂಮಿಯಲ್ಲಿ ಇದನ್ನು ಬೆಳೆಯುತ್ತಾರೆ.

ಇದನ್ನು ಎಣ್ಣೆ ಎಂದು ಕರೆದರೂ ರಸಾಯನದ ಲೆಕ್ಕದಲ್ಲಿ ಇದು ದ್ರವರೂಪದ ಮೇಣ. ತೆಂಗು, ಎಳ್ಳು, ಕುಸುಬೆ ಎಲ್ಲವೂ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಎಣ್ಣೆಗಳು. ಜೊಜೊಬಾದಲ್ಲಿ ಶೇ. 97ರಷ್ಟು ಮೇಣದ ಎಸ್ಟರ್ ಎಂಬ ಬೇರೆ ಬಗೆಯ ಸಂಯುಕ್ತಗಳು. ಇದರಿಂದ ಎರಡು ಲಾಭಗಳಿವೆ. ಒಂದು, ಗಾಳಿಗೆ ತೆರೆದಿಟ್ಟರೂ ಬೇಗ ಕಮಟು ಹಿಡಿಯುವುದಿಲ್ಲ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಕಪಾಟಿನೊಳಗೇ ಇದ್ದ ಬಾಟಲಿಯ ವಾಸನೆ ಜೂನ್‌ನಲ್ಲೂ ಬದಲಾಗಿರಲಿಲ್ಲ. ಎರಡು, ನಮ್ಮ ಚರ್ಮ ಸ್ರವಿಸುವ ಜಿಡ್ಡಿನಲ್ಲೂ ಸುಮಾರು ಕಾಲು ಭಾಗ ಇಂಥ ಮೇಣವೇ ಇರುತ್ತದೆ. ‘ಚರ್ಮದ ಸ್ವಂತ ಎಣ್ಣೆಯಂತೆಯೇ’ ಎಂದು ಜಾಹೀರಾತಿನಲ್ಲಿ ಹೇಳುವುದು ಈ ಕಾಲು ಭಾಗವನ್ನು ಹಿಡಿದುಕೊಂಡು. ಉಳಿದ ಮುಕ್ಕಾಲು ಭಾಗ ಬೇರೆ ಕೊಬ್ಬುಗಳು ಎನ್ನುವುದನ್ನು ಅವರು ಹೇಳುವುದಿಲ್ಲ. ಹೋಲಿಕೆ ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಮೊದಲ ಬಾಟಲಿಯ ವಿಷಯ ಹೇಳಲೇಬೇಕು. ಆನ್‌ಲೈನ್‌ನಲ್ಲಿ ರಿಯಾಯಿತಿಗೆ ತರಿಸಿದ್ದು, ಮುಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಶುದ್ಧ ಜೊಜೊಬಾ’. ಮುಚ್ಚಳ ತೆಗೆದರೆ ಹೂವಿನ ಗಮ್ಮೆನ್ನುವ ಪರಿಮಳ. ನಿಜವಾದ ಜೊಜೊಬಾಕ್ಕೆ ವಾಸನೆ ಇಲ್ಲವೆಂದರೂ ನಡೆಯುತ್ತದೆ, ಮೂಗಿಗೆ ಹತ್ತಿರ ಹಿಡಿದರೆ ತೆಳುವಾಗಿ ಕಾಯಿಬೀಜದ ಕಂಪು ಅಷ್ಟೇ. ಹಿಂಬದಿಯ ಸಣ್ಣಕ್ಷರ ಓದಿದರೆ ಪದಾರ್ಥಗಳ ಸಾಲಿನಲ್ಲಿ ಜೊಜೊಬಾ ನಾಲ್ಕನೆಯದು, ಮೊದಲ ಸ್ಥಾನದಲ್ಲಿ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆಯುವ ಎಣ್ಣೆ. ಪಟ್ಟಿಯನ್ನು ಪ್ರಮಾಣ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರೆಯಬೇಕೆಂಬುದು ನಿಯಮ, ಹಾಗಾಗಿ ಆ ಸಾಲೇ ಎಲ್ಲವನ್ನೂ ಹೇಳುತ್ತದೆ. ಮಿನರಲ್ ಆಯಿಲ್ ಕೆಟ್ಟದ್ದಲ್ಲ, ಒಣ ಚರ್ಮಕ್ಕೆ ಒಳ್ಳೆಯದೇ. ಆದರೆ ಜೊಜೊಬಾದ ಬೆಲೆ ಕೊಟ್ಟು ಅದನ್ನು ಕೊಳ್ಳಲು ನನಗೆ ಮನಸ್ಸಿಲ್ಲ. ಬಾಟಲಿಯನ್ನು ಹಿಂದಿರುಗಿಸಿದೆ.

ಎರಡನೆಯದನ್ನು ಪಟ್ಟಿ ನೋಡಿಯೇ ತರಿಸಿದೆ. ‘ಸಿಮಂಡ್ಸಿಯಾ ಚೈನೆನ್ಸಿಸ್ ಸೀಡ್ ಆಯಿಲ್’ ಎಂಬ ಒಂದೇ ಹೆಸರು (ಜೊಜೊಬಾ ಗಿಡದ ಸಸ್ಯಶಾಸ್ತ್ರೀಯ ಹೆಸರು ಅದು), ಅದರ ಮುಂದೆ ಏನೂ ಇಲ್ಲ. ಚಿನ್ನದ ಹಳದಿ ಬಣ್ಣ. ಸಂಸ್ಕರಿಸಿದ್ದಾದರೆ ನೀರಿನಂತೆ ಬಣ್ಣವಿಲ್ಲದೆ ಇರುತ್ತದೆ, ಅದೂ ನಡೆಯುತ್ತದೆ. ಸ್ಟೀಲ್ ಬಟ್ಟಲಿಗೆ ಒಂದು ಚಮಚ ಸುರಿದು ರಾತ್ರಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮಂಜುಮಂಜಾಗಿ, ಹಳದಿ ಬೆಣ್ಣೆಯ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬೆರಳಿಟ್ಟ ಜಾಗದಲ್ಲಿ ಮೊದಲು ತಣ್ಣಗೆ ಮಿದುವಾಯಿತು, ಎಣಿಸುವಷ್ಟರಲ್ಲಿ ಕರಗಿ ಬೆರಳ ಸಂದಿಗೆ ಇಳಿಯಿತು. ಜೊಜೊಬಾ ಸುಮಾರು 7ರಿಂದ 10 ಡಿಗ್ರಿ ಸೆಲ್ಸಿಯಸ್‌ ಒಳಗೆ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದೂ ತಿಳಿಯಾಗಿಯೇ ಉಳಿದರೆ ಬೆರಕೆಯ ಅನುಮಾನ ಪಡಬೇಕು. ಗಟ್ಟಿಯಾದ ಮಾತ್ರಕ್ಕೆ ಅಪ್ಪಟ ಎಂದು ಪ್ರಮಾಣಪತ್ರ ಸಿಕ್ಕಂತಲ್ಲ, ಏಕೆಂದರೆ ತಣ್ಣಗೆ ಮಂದವಾಗುವ ಬೇರೆ ಎಣ್ಣೆಗಳೂ ಇವೆ. ಆದರೂ ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ.

ಇನ್ನು ಮುಖ್ಯ ವಿಷಯ. ಯಾವ ಎಣ್ಣೆಯಲ್ಲೂ ನೀರಿಲ್ಲ. ಒಣ ಚರ್ಮಕ್ಕೆ ಮೊದಲು ಬೇಕಾದದ್ದು ನೀರು. ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳು ಒತ್ತೊತ್ತಾಗಿ ಜೋಡಿಕೊಂಡಿರುತ್ತವೆ, ಅವುಗಳ ನಡುವಿನ ಸಂದಿಯನ್ನು ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ತುಂಬಿರುತ್ತವೆ. ಈ ತುಂಬಣಿಕೆ ಸಡಿಲಾದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಕೋಶಗಳ ಅಂಚು ಎದ್ದು ಬಿಳಿ ಹುಡಿಯಾಗುತ್ತದೆ. ಎಣ್ಣೆ ಮಾಡುವ ಕೆಲಸ, ಎದ್ದ ಅಂಚನ್ನು ಒರಗಿಸುವುದು ಮತ್ತು ಇರುವ ನೀರು ಹೊರಹೋಗುವುದನ್ನು ನಿಧಾನಿಸುವುದು. ಹಿಡಿದಿಡಲು ನೀರೇ ಇಲ್ಲದ ಹೊತ್ತಿನಲ್ಲಿ ಹಚ್ಚಿದರೆ ಮೈ ಮಿರಮಿರ ಹೊಳೆಯುತ್ತದೆ, ತುರಿಕೆ ಹಾಗೆಯೇ ಇರುತ್ತದೆ.

ಹೀಗಾಗಿ ಸ್ನಾನ ಮುಗಿದ ಮೇಲೆ ಬಚ್ಚಲಿನಿಂದ ಹೊರಬರುವ ಮೊದಲೇ ಹಚ್ಚುವುದು ನನ್ನ ಪದ್ಧತಿ. ಟವೆಲ್ಲಿನಿಂದ ಉಜ್ಜುವುದಿಲ್ಲ, ಅಲ್ಲಲ್ಲಿ ಒತ್ತಿ ನೀರಿಳಿಸುತ್ತೇನೆ ಅಷ್ಟೆ. ಕಾಲಿನ ಮೇಲೆ ಇನ್ನೂ ಸಣ್ಣ ಹನಿಗಳಿರುವಾಗ ಅಂಗೈಗೆ ಒಂದು ನಾಣ್ಯದಷ್ಟು ಎಣ್ಣೆ ಸುರಿದುಕೊಂಡು ಎರಡೂ ಕೈಗೆ ಹರಡಿ, ಮೇಲಿನಿಂದ ಕೆಳಕ್ಕೆ ಸವರುತ್ತೇನೆ. ಹನಿ ಮತ್ತು ಎಣ್ಣೆ ಕೂಡಿದಾಗ ಒಂದು ಕ್ಷಣ ಹಾಲಿನ ಬಣ್ಣದ ತೆಳು ಪದರ ಕಾಣಿಸಿ ಮಾಯವಾಗುತ್ತದೆ. ಒಣ ಕಾಲಿಗೆ ಹಚ್ಚುವಾಗ ಬೇಕಾಗುವುದರ ಅರ್ಧದಷ್ಟು ಎಣ್ಣೆ ಸಾಕಾಗುತ್ತದೆ. ಚರ್ಮರೋಗ ವೈದ್ಯರು ಸಾಮಾನ್ಯವಾಗಿ ಹೇಳುವುದೂ ಇದನ್ನೇ: ಸ್ನಾನವಾದ ಮೂರು ನಿಮಿಷದೊಳಗೆ ತೇವದ ಮೈಗೆ ಹಚ್ಚಿ, ಸ್ನಾನದ ನೀರು ಸುಡುವಷ್ಟು ಬಿಸಿ ಇರಬಾರದು, ಹೆಚ್ಚು ಹೊತ್ತು ನೀರಲ್ಲಿ ನಿಲ್ಲಬಾರದು. ಬಿಸಿನೀರಿನ ವಿಷಯದಲ್ಲಿ ಮಾತ್ರ ಚಳಿಗಾಲದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹಂಡೆಯ ನೀರಿಗೆ ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿಕೊಳ್ಳುವುದು ಜೊಜೊಬಾದಷ್ಟೇ ದೊಡ್ಡ ಔಷಧ ಎಂದು ಈಗ ನನಗೆ ಅನ್ನಿಸುತ್ತದೆ. ಸಾಬೂನನ್ನು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೀಮಿತ ಮಾಡಿದೆ, ಕಾಲಿಗೂ ತೋಳಿಗೂ ಬರಿಯ ನೀರು.

ಫಲ ಕಾಣಲು ಬಹಳ ಕಾಲ ಕಾಯಬೇಕಾಗಲಿಲ್ಲ. ಹುಡಿ ಉದುರುವುದು ಮೊದಲ ವಾರದಲ್ಲೇ ಕಡಿಮೆಯಾಯಿತು. ರಾತ್ರಿಯ ತುರಿಕೆ ನಿಲ್ಲಲು ಸಂಕ್ರಾಂತಿಯ ಹೊತ್ತಾಯಿತು. ಕೆರೆಯಂಗಳದಂಥ ಗೆರೆಗಳು ಪೂರ್ತಿ ಹೋಗಿಲ್ಲ, ಆದರೆ ಈ ಚಳಿಗಾಲದಲ್ಲಿ ಅವು ಕೆಂಪಾಗಿ ಬಿರಿದಿಲ್ಲ. ಎರಡು ಮೂರು ದಿನ ಹಚ್ಚುವುದು ತಪ್ಪಿದರೆ ಚರ್ಮ ಮತ್ತೆ ಒಣಗತೊಡಗುತ್ತದೆ. ಅಂದರೆ ಇದು ಗುಣಪಡಿಸುವ ಮದ್ದಲ್ಲ, ದಿನಾ ಮಾಡಬೇಕಾದ ಆರೈಕೆ.

ಕಚೇರಿಯಲ್ಲಿ ದಿನವಿಡೀ ಕಾಗದಪತ್ರ ಹಿಡಿಯುವವಳಾದ್ದರಿಂದ ಅಂಟು ನನಗೆ ದೊಡ್ಡ ವಿಷಯ. ತೆಂಗಿನ ಎಣ್ಣೆ ಹಚ್ಚಿಕೊಂಡು ಹೋದ ದಿನ ಅರ್ಜಿಯ ಅಂಚಿಗೆ ಬೆರಳಚ್ಚು ಮೂಡಿದ್ದುಂಟು. ಜೊಜೊಬಾ ಹಚ್ಚಿ ಸೀರೆ ಉಡುವಷ್ಟರಲ್ಲಿ ಮೇಲ್ಮೈ ಒಣಗಿದಂತಿರುತ್ತದೆ, ಒಳಗೆ ನುಣುಪು ಉಳಿದಿರುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ತೆಂಗಿನ ಎಣ್ಣೆ ಗಡ್ಡೆಕಟ್ಟಿ ಬಿಸಿನೀರಿನಲ್ಲಿ ನಿಲ್ಲಿಸಬೇಕಾಗುತ್ತದೆ, ಏಕೆಂದರೆ ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಜೊಜೊಬಾದ ಹರಿಯುವ ಗುಣ ನಿಜವಾದ ಅನುಕೂಲ.

ನಮ್ಮ ಅತ್ತೆಯವರಿಗೆ ಈ ಎಣ್ಣೆಯ ಬಗ್ಗೆ ಮೊದಲಿನಿಂದಲೂ ತಕರಾರು. “ಮೈಗೆ ಎಣ್ಣೆ ಎಂದರೆ ಹಚ್ಚಿ, ನೆನೆಯಲು ಬಿಟ್ಟು, ತೊಳೆಯಬೇಕು. ತೊಳೆಯದ ಎಣ್ಣೆಗೆ ದೂಳು ಹಿಡಿಯುತ್ತದೆ. ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಇರುವಾಗ ಇಷ್ಟು ದುಡ್ಡು ಯಾಕೆ ಸುರಿಯಬೇಕು?” ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ತಥ್ಯವಿದೆ. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಅರೆದು ಅರಿಶಿನ ಸೇರಿಸಿ ಮೈಗೆ ಹಚ್ಚಿ ಮೀಯುವುದು, ದೀಪಾವಳಿಗೆ ಎಣ್ಣೆಸ್ನಾನ ಮಾಡುವುದು ಚರ್ಮ ಒಡೆಯುವ ಕಾಲಕ್ಕೇ ಬರುತ್ತವೆ. ಆ ಪದ್ಧತಿಯಲ್ಲಿ ಎಣ್ಣೆ ಸ್ನಾನಕ್ಕೆ ಮೊದಲು ಬರುತ್ತದೆ, ಬಿಸಿನೀರಿನ ಏಟಿನಿಂದ ಚರ್ಮವನ್ನು ಕಾಯುತ್ತದೆ. ಆದರೆ ಆಮೇಲೆ ಕಡಲೆಹಿಟ್ಟು, ಸೀಗೆಪುಡಿ ಹಾಕಿ ತೊಳೆದರೆ ಉಳಿಯುವುದು ಸ್ವಲ್ಪವೇ. ಅದು ವರ್ಷಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಮಾಡುವಂಥದ್ದು. ದಿನನಿತ್ಯದ ಒಣಗುವಿಕೆಗೆ ಸ್ನಾನದ ಮೇಲಿನ ಎಣ್ಣೆಯೇ ಬೇಕು ಎಂಬುದು ನನ್ನ ಅನುಭವ.

ಅತ್ತೆಯವರ ಕುಸುಬೆಯನ್ನೂ ಒಂದು ಕಾಲಿಗೆ ಹಚ್ಚಿ ನೋಡಿದೆ, ಇನ್ನೊಂದಕ್ಕೆ ಜೊಜೊಬಾ, ಅದೇ ತೇವದ ಮೈಗೆ. ಚರ್ಮದ ಮಟ್ಟಿಗೆ ಎರಡೂ ಕಾಲು ಸಮವಾಗಿಯೇ ಇದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಸಾಂಪ್ರದಾಯಿಕ ಕುಸುಬೆಯಲ್ಲಿ ಲಿನೋಲಿಕ್ ಎಂಬ ಕೊಬ್ಬಿನ ಆಮ್ಲ ಮುಕ್ಕಾಲು ಭಾಗದಷ್ಟಿದೆ, ಚರ್ಮದ ತಡೆಗೋಡೆಗೆ, ಅಂದರೆ ನೀರು ಹಿಡಿದಿಡುವ ಆ ಹೊರಪದರಕ್ಕೆ, ಆ ಆಮ್ಲ ಬೇಕು. ಓಲಿಯಿಕ್ ಎಂಬ ಇನ್ನೊಂದು ಕೊಬ್ಬಿನ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆಯಾದರೆ ತಡೆಗೋಡೆಯನ್ನು ಸಡಿಲಿಸಬಹುದೆಂದು 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ತೆಂಗಿನ ಎಣ್ಣೆಯನ್ನು ಮಿನರಲ್ ಆಯಿಲ್ ಜೊತೆ 34 ಜನ ಒಣ ಚರ್ಮದವರಲ್ಲಿ ಹೋಲಿಸಿದ 2004ರ ಅಧ್ಯಯನದಲ್ಲಿ ಎರಡೂ ಸಮಾನವಾಗಿ ಕೆಲಸ ಮಾಡಿದ್ದವು. ಕುಸುಬೆ ಸೋತದ್ದು ವಾಸನೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯಿಂದ ಅಡುಗೆಮನೆಯ ವಾಸನೆ ಬರುತ್ತಿತ್ತು, ಸೀರೆಯ ಅಂಚಿಗೆ ಹತ್ತಿದ ಕಲೆ ಒಗೆದ ಮೇಲೂ ಕಮಟಾಯಿತು. ಮನೆಯಲ್ಲೇ ಇರುವವರು, ರಾತ್ರಿ ಮಲಗುವ ಮುನ್ನ ಹಚ್ಚುವವರು ಕುಸುಬೆಯನ್ನೇ ಬಳಸಬಹುದು, ಕಳೆದುಕೊಳ್ಳುವುದೇನೂ ಇಲ್ಲ. ನಾನು ಹೆಚ್ಚು ದುಡ್ಡು ಕೊಡುತ್ತಿರುವುದು ವಾಸನೆ ಇಲ್ಲದಿರುವುದಕ್ಕೆ, ಅಂಟದಿರುವುದಕ್ಕೆ ಮತ್ತು ಕೆಡದಿರುವುದಕ್ಕೆ.

ಆ ದುಡ್ಡಿನ ಲೆಕ್ಕ: ನಾನು ತರಿಸುವ 100 ಮಿ.ಲೀ. ಬಾಟಲಿ ₹500ರ ಆಸುಪಾಸಿನದು. ಕಾಲು, ತೋಳು ಎರಡಕ್ಕೂ ಸೇರಿ ದಿನಕ್ಕೆ 3 ಮಿ.ಲೀ. ಹಿಡಿದರೆ ತಿಂಗಳಿಗೊಂದು ಬಾಟಲಿ, ದಿನಕ್ಕೆ ₹15. ಇಡೀ ಮೈಗೆ, ಇಡೀ ಮನೆಗೆ ಹಚ್ಚುವ ಎಣ್ಣೆ ಇದಲ್ಲ. ಬೇಸಿಗೆಯಲ್ಲಿ ಖರ್ಚು ತಾನಾಗಿಯೇ ಇಳಿಯುತ್ತದೆ. ಬೆವರಿಳಿಯುವ ದಿನಗಳಲ್ಲಿ ಬೆನ್ನಿಗೆ ಹಚ್ಚಿದಾಗ ಬೆವರುಗುಳ್ಳೆ ಎದ್ದವು. ಆಮೇಲೆ ರಾತ್ರಿಯ ಸ್ನಾನದ ನಂತರ ಕಾಲಿಗಷ್ಟೇ ಹಚ್ಚಿದೆ. ಮಳೆಗಾಲದಲ್ಲಿ ಬಹುತೇಕ ಬೇಕಾಗಲೇ ಇಲ್ಲ.

ಹಿಮ್ಮಡಿಯ ಕಥೆ ಬೇರೆ. ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ, ಚರ್ಮವೂ ದಪ್ಪ. ಚಳಿಗಾಲವಿಡೀ ಜೊಜೊಬಾ ಹಚ್ಚಿದರೂ ಬಿರುಕು ಕೂಡಲಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಔಷಧಿ ಅಂಗಡಿಯ ಯೂರಿಯಾ ಕ್ರೀಮು, ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ, ಮೇಲೊಂದು ಹತ್ತಿಯ ಕಾಲುಚೀಲ. ಯೂರಿಯಾ ನೀರನ್ನು ಎಳೆದು ಹಿಡಿಯುತ್ತದೆ, ದಪ್ಪ ಪದರವನ್ನು ಮೆತ್ತಗೆ ಮಾಡುತ್ತದೆ. ಜೆಲ್ಲಿ ಆ ನೀರು ಹೊರಹೋಗದಂತೆ ಯಾವ ಎಣ್ಣೆಗಿಂತಲೂ ಗಟ್ಟಿಯಾಗಿ ತಡೆಯುತ್ತದೆ. ನೋಡಲು ಅಂದವಿಲ್ಲ, ಬೆಲೆ ಕಡಿಮೆ, ಅದಕ್ಕೇ ಯಾರೂ ಅದರ ವಿಡಿಯೊ ಮಾಡುವುದಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರು ಅವರ ಪಾದಕ್ಕೆ ಕ್ರೀಮು ಹೇಳಿದ್ದಾರೆ, ಆದರೆ ಬೆರಳ ಸಂದಿಗೆ ಏನನ್ನೂ ಹಚ್ಚಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದಾರೆ. ಅಲ್ಲಿ ತೇವ ನಿಂತರೆ ಶಿಲೀಂಧ್ರ ಸೋಂಕು ಹಿಡಿಯುತ್ತದೆ.

ಚರ್ಮ ದಿಢೀರನೆ ಒಣಗತೊಡಗಿದ್ದರೆ, ಜೊತೆಗೆ ಆಯಾಸ, ಕೂದಲು ಉದುರುವುದು, ತೂಕ ಏರುವುದು ಇದ್ದರೆ ಎಣ್ಣೆ ಕೊಳ್ಳುವ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೆಂಪಾಗಿ ನೀರು ಸೋರುವ ಜಾಗಕ್ಕೆ ಯಾವ ಎಣ್ಣೆಯನ್ನೂ ಹಚ್ಚದೆ ವೈದ್ಯರಿಗೆ ತೋರಿಸಿ. ಜೊಜೊಬಾಕ್ಕೆ ಅಲರ್ಜಿ ಅಪರೂಪ, ಇಲ್ಲವೆಂದಲ್ಲ. ಮೊದಲು ಮೊಣಕೈಯ ಒಳಬದಿಗೆ ಒಂದೆರಡು ಹನಿ ಹಚ್ಚಿ ಒಂದೆರಡು ದಿನ ಕಾದು ನೋಡುವುದು ಒಳ್ಳೆಯದು. ಗಾಣದ ಎಣ್ಣೆಯ ಪಕ್ಕದಲ್ಲಿ ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ, ಇದು ತಿನ್ನುವ ಎಣ್ಣೆಯಲ್ಲ. ನಮ್ಮ ಹೊಟ್ಟೆಗೆ ಈ ಮೇಣ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ.

ಬಚ್ಚಲಿನಲ್ಲಿ ಹಚ್ಚಿ ಎಂದು ಹೇಳಿದವಳು ಜಾರುವ ನೆಲದ ಬಗ್ಗೆಯೂ ಹೇಳಬೇಕು. ನಾನು ಹಳೆಯ ರಬ್ಬರ್ ಚಾಪೆಯ ಮೇಲೆ ನಿಂತೇ ಹಚ್ಚಿಕೊಳ್ಳುತ್ತೇನೆ, ಪಾದಕ್ಕೆ ಹಚ್ಚುವುದನ್ನು ಹೊರಗೆ ಕುರ್ಚಿಯ ಮೇಲೆ ಕೂತು ಮಾಡುತ್ತೇನೆ. ಮುಗಿದ ಮೇಲೆ ನೆಲಕ್ಕೆ ಸಾಬೂನುಪುಡಿ ಹಾಕಿ ಒಂದು ಸಲ ಉಜ್ಜಿ ಬಿಸಿನೀರು ಸುರಿಯುತ್ತೇನೆ, ಏಕೆಂದರೆ ನನ್ನ ನಂತರ ಸ್ನಾನಕ್ಕೆ ಹೋಗುವವರು ಅತ್ತೆ. ಮೈ ಒರೆಸಲು ಒಂದು ಟವೆಲ್ ಬೇರೆಯೇ ಇಟ್ಟಿದ್ದೇನೆ, ಅದನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಜಿಡ್ಡು ಬಿಡುತ್ತದೆ.